ಬದಲಿ ಗಾಳಿ: ಎಷ್ಟು ಲೀಟರ್ ಬೇಕು, ಎಲ್ಲಿ ಕಟ್ಟಿಕೊಳ್ಳಬೇಕು?

ಪ್ರಶ್ನೆ: ಮುರುಡೇಶ್ವರದಿಂದ ನೇತ್ರಾಣಿಗೆ ಹೋಗಿ ಸ್ಕೂಬಾ ಕಲಿತೆ. ಅಡ್ವಾನ್ಸ್ಡ್ ಕೋರ್ಸೂ ಮುಗಿದಿದೆ. ಜನವರಿಯಲ್ಲಿ ಅಂಡಮಾನಿನ ಹ್ಯಾವ್‌ಲಾಕ್‌ನಲ್ಲಿ 30 ಮೀಟರ್ ಆಸುಪಾಸಿನ ಡೈವ್‌ಗಳಿವೆ. ಒಬ್ಬನೇ ಹೋಗುತ್ತಿದ್ದೇನೆ, ಬಡ್ಡಿ (ಜೊತೆಗೆ ಡೈವ್ ಮಾಡುವವರು) ಯಾರಾಗುತ್ತಾರೋ ಗೊತ್ತಿಲ್ಲ. ಹಾಗಾಗಿ ನನ್ನದೇ ಒಂದು ಸಣ್ಣ ಸಿಲಿಂಡರ್ ಜೊತೆಗಿರಲಿ ಅಂದುಕೊಂಡಿದ್ದೇನೆ. ಒತ್ತಿ ತುಂಬಿದ 85 ಲೀಟರ್ ಗಾಳಿ ಇರುವ, ಕೈಯಲ್ಲಿ ಹಿಡಿಯುವಷ್ಟು ಚಿಕ್ಕ ಬಾಟಲಿ ಸಾಕೇ? ದೊಡ್ಡದಾದರೆ ಬೆನ್ನಿಗೆ ಕಟ್ಟಬೇಕೋ, ಪಕ್ಕಕ್ಕೋ? ವಾಲ್ವ್ ತೆರೆದಿರಬೇಕೋ, ಮುಚ್ಚಿರಬೇಕೋ?
– ಒಬ್ಬ ಓದುಗರು, ಬೆಂಗಳೂರು

ಉತ್ತರ: 30 ಮೀಟರಿಗೆ 85 ಲೀಟರ್ ಸಾಲದು. ಯಾಕೆಂದು ನೀವೇ ಲೆಕ್ಕ ಹಾಕಿ ನೋಡಬಹುದು.

ಸಮಾಧಾನವಾಗಿ ಈಜುವಾಗ ಮೇಲ್ಮೈ ಲೆಕ್ಕದಲ್ಲಿ ನಿಮಿಷಕ್ಕೆ 15ರಿಂದ 20 ಲೀಟರ್ ಗಾಳಿ ಸಾಕಾಗುತ್ತದೆ. ಗಾಳಿ ನಿಂತುಹೋದ ಗಾಬರಿಯಲ್ಲಿ ಅದು ಸುಲಭವಾಗಿ 30 ಆಗುತ್ತದೆ. 30 ಮೀಟರಿನಲ್ಲಿ ಒತ್ತಡ 4 ಬಾರ್, ಅಂದರೆ ನಿಮಿಷಕ್ಕೆ 120 ಲೀಟರ್. 85 ಲೀಟರಿನ ಬಾಟಲಿ ಅಲ್ಲಿ 40 ಸೆಕೆಂಡು ಬಂದರೆ ಹೆಚ್ಚು.

ಈಗ ಮೇಲಕ್ಕೆ ಬರಲು ಎಷ್ಟು ಬೇಕು ನೋಡಿ. ಏನಾಯಿತೆಂದು ಅರಿತು ಬಡ್ಡಿಗೆ ಸನ್ನೆ ಮಾಡಿ ಹೊರಡಲು ತಳದಲ್ಲೇ ಒಂದು ನಿಮಿಷ: 120 ಲೀಟರ್. ನಿಮಿಷಕ್ಕೆ 9 ಮೀಟರ್ ವೇಗದಲ್ಲಿ 5 ಮೀಟರಿಗೆ ಬರಲು ಸುಮಾರು 3 ನಿಮಿಷ, ಸರಾಸರಿ ಒತ್ತಡ 2.75 ಬಾರ್: ಸುಮಾರು 250. ಅಲ್ಲೇ ತಡೆದು ನಿಲ್ಲುವ ಸೇಫ್ಟಿ ಸ್ಟಾಪ್‌ನಲ್ಲಿ 3 ನಿಮಿಷ: 135. ಕೊನೆಯ 5 ಮೀಟರಿಗೆ ಸುಮಾರು 40. ಒಟ್ಟು 545 ಲೀಟರ್. ಸೇಫ್ಟಿ ಸ್ಟಾಪ್ ಬಿಟ್ಟರೂ 400 ದಾಟುತ್ತದೆ.

ಬದಲಿ ಗಾಳಿಯ ಇಂಥ ಸಣ್ಣ ಸಿಲಿಂಡರಿಗೆ ಪೋನಿ ಬಾಟಲಿ ಎನ್ನುತ್ತಾರೆ. ಅವನ್ನು ಘನ ಅಡಿ ಲೆಕ್ಕದಲ್ಲಿ ಕರೆಯುವುದು ರೂಢಿ. ಪೂರ್ತಿ ತುಂಬಿದಾಗ 13ರದ್ದರಲ್ಲಿ ಸುಮಾರು 370 ಲೀಟರ್, 19ರದ್ದರಲ್ಲಿ 540, 30ರದ್ದರಲ್ಲಿ 850, 40ರದ್ದರಲ್ಲಿ 1130. ನಿಮ್ಮ ಡೈವ್‌ಗೆ 19 ತೂಗಿದಂತೆ ಸರಿಹೋಗುತ್ತದೆ, ಅದೇ ಅದರ ತೊಂದರೆ. ಬೇರೆಯವರ ಕಾಂಪ್ರೆಸರಿನಲ್ಲಿ ತುಂಬಿಸಿದ ಬಾಟಲಿ 207 ಬಾರ್ ಬದಲು 170ಕ್ಕೇ ಬಂದು ಕೈಸೇರುವುದು ಅಪರೂಪವಲ್ಲ. ಆಗ ನೂರು ಲೀಟರ್ ಖೋತಾ. 30 ತೆಗೆದುಕೊಳ್ಳಿ. ಅಲ್ಯೂಮಿನಿಯಮ್ಮಿನದು ಖಾಲಿಯಿದ್ದಾಗ ಐದು ಕಿಲೋ ಚಿಲ್ಲರೆ, ಒಳಗಿನ ಗಾಳಿ ಇನ್ನೊಂದು ಕಿಲೋ. ದಡದಲ್ಲಿ ಭಾರ ಅನ್ನಿಸಿದರೂ ನೀರಿನಲ್ಲಿ ಗೊತ್ತೇ ಆಗುವುದಿಲ್ಲ. ನೇತ್ರಾಣಿಯ 12-15 ಮೀಟರಿನ ಡೈವ್‌ಗಳಿಗೆ ಮಾತ್ರ 13 ಆದೀತು. ಅಷ್ಟು ಆಳಕ್ಕೆ ಪೋನಿ ಖರೀದಿಸುವ ಬದಲು ಐದು ನಿಮಿಷಕ್ಕೊಮ್ಮೆ ಸಿಲಿಂಡರಿನ ಒತ್ತಡ ತೋರಿಸುವ ಗೇಜ್ ನೋಡುವ ಅಭ್ಯಾಸ ಬೆಳೆಸಿಕೊಳ್ಳುವುದು ಮೇಲು.

ಆಕ್ಟೋಪಸ್ (ಬಾಯಿಗಿಡುವ ಹೆಚ್ಚುವರಿ ರೆಗ್ಯುಲೇಟರ್) ಇದೆಯಲ್ಲ, ಪೋನಿ ಏಕೆ ಎನ್ನುವವರು ಸಿಗುತ್ತಾರೆ. ನಿಮ್ಮ ಆಕ್ಟೋಪಸ್ ಕೂಡ ಅದೇ ಫಸ್ಟ್ ಸ್ಟೇಜ್‌ಗೆ (ಸಿಲಿಂಡರಿನ ವಾಲ್ವ್‌ಗೆ ಕೂರುವ ರೆಗ್ಯುಲೇಟರಿನ ಭಾಗಕ್ಕೆ), ಅದೇ ಸಿಲಿಂಡರಿಗೆ ಸೇರಿದ್ದು. ಓ-ರಿಂಗ್ ಒಡೆದರೆ, ಮರಳು ಸಿಕ್ಕಿ ಫ್ರೀ ಫ್ಲೋ ಆದರೆ (ಗಾಳಿ ನಿಲ್ಲದೆ ಹರಿದುಹೋದರೆ) ಎರಡೂ ಒಟ್ಟಿಗೇ ಬರಿದಾಗುತ್ತವೆ. ಅದು ಬಡ್ಡಿಗೆ ಕೊಡಲು ಇರುವುದು. ಪೋನಿಗೆ ಬೇರೆಯದೇ ಸಿಲಿಂಡರ್, ವಾಲ್ವ್, ರೆಗ್ಯುಲೇಟರ್, ಗೇಜ್ ಇರುತ್ತವೆ. ಗೇಜ್ ಕೊಳ್ಳದೆ ಹಣ ಉಳಿಸಬೇಡಿ. ಮೂಲೆಯಲ್ಲಿಟ್ಟ ಹಳೇ ರೆಗ್ಯುಲೇಟರನ್ನು ಪೋನಿಗೆ ಹಾಕುವ ಚಾಳಿಯೂ ಬೇಡ. ತೀರಾ ಕೆಟ್ಟ ಗಳಿಗೆಯಲ್ಲಿ ಬಾಯಿಗಿಡುವುದು ಅದನ್ನೇ, ಮುಖ್ಯ ರೆಗ್ಯುಲೇಟರಿನ ಜೊತೆಗೇ ಅದಕ್ಕೂ ಸರ್ವಿಸ್ ಮಾಡಿಸಿ.

ಬೆನ್ನಿಗೋ ಪಕ್ಕಕ್ಕೋ ಎಂದರೆ, ನಮ್ಮ ಮತ ಎಡಪಕ್ಕಕ್ಕೆ. ಮುಖ್ಯ ಸಿಲಿಂಡರಿಗೆ ಕಟ್ಟಿದ ಪೋನಿ ಅಡ್ಡ ಬರುವುದಿಲ್ಲ ನಿಜ, ಆದರೆ ಅದರ ವಾಲ್ವ್ ಕೈಗೆ ಸಿಗದು, ಸೋರಿದರೂ ಕಾಣದು. ಬಾಟಲಿಯ ಕುತ್ತಿಗೆಯಲ್ಲೊಂದು, ಕೆಳಭಾಗದಲ್ಲೊಂದು ಬೋಲ್ಟ್ ಸ್ನ್ಯಾಪ್ (ಸಿಕ್ಕಿಸುವ ಕೊಕ್ಕೆ) ಇರುವ ಪಟ್ಟಿ ಹಾಕಿ. ಮೇಲಿನದು ಬಿಸಿಡಿಯ (ಗಾಳಿ ತುಂಬಿ ತೇಲುವ ಜಾಕೆಟ್ಟಿನ) ಎಡಎದೆಯ ಡಿ-ರಿಂಗಿಗೆ, ಕೆಳಗಿನದು ಸೊಂಟದ ಡಿ-ರಿಂಗಿಗೆ. ಕುತ್ತಿಗೆಯ ಸ್ನ್ಯಾಪ್ ತೀರಾ ಉದ್ದದ ಹಗ್ಗದಲ್ಲಿದ್ದರೆ ಬಾಟಲಿ ಕೆಳಗೆ ಜೋತಾಡಿ ಹವಳಕ್ಕೆ ಬಡಿಯುತ್ತದೆ, ತೀರಾ ಗಿಡ್ಡವಾದರೆ ಗವಸು ತೊಟ್ಟ ಕೈಗೆ ಸ್ನ್ಯಾಪ್ ಬಿಚ್ಚಲು ಆಗುವುದಿಲ್ಲ. ಒಂದು ಮೀಟರಿನಷ್ಟು ಹೋಸ್ ಸಾಕು. ಅದನ್ನು ಬಾಟಲಿಗೆ ಒತ್ತಿ ಮಡಚಿ, ಸೈಕಲ್ ಟ್ಯೂಬಿನಿಂದ ಕತ್ತರಿಸಿದ ಅಗಲದ ರಬ್ಬರಿನಡಿ ಸಿಕ್ಕಿಸಿ. ಒಂದೇ ಎಳೆತಕ್ಕೆ ಬಿಚ್ಚಿಕೊಳ್ಳಬೇಕು. ದೋಣಿಯಿಂದ ಹಿಮ್ಮುಖವಾಗಿ ಬೀಳುವಾಗ ಬಾಟಲಿ ಕಷ್ಟ ಕೊಟ್ಟರೆ, ಇಳಿದ ಮೇಲೆ ದೋಣಿಯವರಿಂದ ಪಡೆದು ಸಿಕ್ಕಿಸಿಕೊಳ್ಳಿ.

ವಾಲ್ವ್ ವಿಷಯದಲ್ಲಿ ಡೈವರ್‌ಗಳಲ್ಲೇ ಎರಡು ಪಂಗಡ. ಮುಚ್ಚಿಟ್ಟರೆ ಸೋರದು, ಆದರೆ ಬಾಯಿಗಿಟ್ಟು ಎಳೆದಾಗ ಒಂದೇ ಉಸಿರಿಗೆ ಹೋಸಿನ ಗಾಳಿ ಮುಗಿದು ಕೈ ವಾಲ್ವನ್ನು ತಡಕಾಡಬೇಕು. ಎದೆಯ ಮುಂದೆಯೇ ಇರುವ ಬಾಟಲಿ ಸೋರಿದರೆ ಗುಳ್ಳೆ ಕಣ್ಣಿಗೆ ಬೀಳುತ್ತದೆ, ಆದ್ದರಿಂದ ಪಕ್ಕದ ಪೋನಿಯನ್ನು ತೆರೆದಿಡುವುದು ಒಳ್ಳೆಯದು. ಸೆಕೆಂಡ್ ಸ್ಟೇಜಿನ (ರೆಗ್ಯುಲೇಟರಿನ ಬಾಯಿಗಿಡುವ ತುಂಡಿನ) ಬಾಯಿಭಾಗ ಕೆಳಮುಖವಾಗಿರಲಿ, ಇಳಿಯುವಾಗ ಫ್ರೀ ಫ್ಲೋ ಆಗುವುದು ತಪ್ಪುತ್ತದೆ. ಬೆನ್ನಿಗೇ ಕಟ್ಟುವುದಾದರೆ ತೆರೆದಿಡದೆ ಬೇರೆ ದಾರಿಯೇ ಇಲ್ಲ.

ಪೋನಿ ಇದ್ದೂ ಆಗುವ ಅಪಾಯಗಳಲ್ಲಿ ಇದು ತೀರಾ ಕೆಟ್ಟದ್ದು: ಅವಸರದಲ್ಲಿ ಪೋನಿಯ ರೆಗ್ಯುಲೇಟರನ್ನೇ ಬಾಯಿಗಿಟ್ಟು ಇಳಿಯುವುದು. ಮುಖ್ಯ ಗೇಜ್ 200 ಬಾರಿಗೇ ನಿಂತಿರುತ್ತದೆ, ನೋಡಿದವನು ಖುಷಿಯಾಗಿಯೇ ಇರುತ್ತಾನೆ, ಪೋನಿ ಆಳದಲ್ಲಿ ಥಟ್ಟನೆ ಬರಿದಾಗುತ್ತದೆ. ಆದ್ದರಿಂದ ಬಾಯಿಯ ಹಿಡಿತದಲ್ಲೇ ವ್ಯತ್ಯಾಸ ತಿಳಿಯುವಂತೆ ಬೇರೆ ಆಕಾರದ ಮೌತ್‌ಪೀಸ್ ಹಾಕಿ. ಬಣ್ಣವನ್ನಷ್ಟೇ ನಂಬಬೇಡಿ, ಆಕ್ಟೋಪಸ್ಸೂ ಹಳದಿಯೇ. ಇಳಿಯುವ ಮೊದಲು ನಾಲ್ಕು ಉಸಿರು ಎಳೆಯುತ್ತ ಮುಖ್ಯ ಗೇಜಿನ ಮುಳ್ಳು ನೋಡಿ. ಉಸಿರಿಗೆ ತಕ್ಕಂತೆ ಅಲುಗಿದರೆ ಮುಖ್ಯ ವಾಲ್ವ್ ಪೂರ್ತಿ ತೆರೆದಿಲ್ಲ, ಕೆಳಗೆ ಹೋಗಿ 5 ನಿಮಿಷದ ಮೇಲೂ ಒಂದಿಷ್ಟೂ ಇಳಿಯದಿದ್ದರೆ ನೀವು ಪೋನಿಯಿಂದ ಉಸಿರಾಡುತ್ತಿದ್ದೀರಿ.

ಅಂಡಮಾನಿನ ಮೊದಲ ಆಳವಿಲ್ಲದ ಡೈವ್‌ನಲ್ಲಿ, 5 ಮೀಟರಿನಲ್ಲಿ, ಮಾರ್ಗದರ್ಶಕರಿಗೆ ಹೇಳಿಯೇ ಬದಲಾಯಿಸುವುದನ್ನು ಅಭ್ಯಾಸ ಮಾಡಿ. ಬಲಗೈಯಲ್ಲಿ ಪೋನಿಯ ರೆಗ್ಯುಲೇಟರ್ ಹಿಡಿದು ಎಳೆಯಿರಿ, ಎಡಗೈಯಿಂದ ಬಾಯಿಯದನ್ನು ತೆಗೆಯಿರಿ, ಸಣ್ಣ ಗುಳ್ಳೆ ಬಿಡುತ್ತಿರಿ, ರೆಗ್ಯುಲೇಟರಿನ ಪರ್ಜ್ ಬಟನ್ ಒತ್ತಿ ನೀರು ಹೊರಹಾಕಿ, ಮೊದಲ ಉಸಿರನ್ನು ಮೆಲ್ಲಗೆ ಎಳೆಯಿರಿ. ಆಮೇಲೆ ಕಣ್ಣು ಮುಚ್ಚಿ ಮಾಡಿ. ಇನ್ನೊಂದು ಸಂಗತಿ ಹಲವರಿಗೆ ಹೊಳೆಯುವುದೇ ಇಲ್ಲ: ಮುಖ್ಯ ಸಿಲಿಂಡರ್ ಬರಿದಾದರೆ ಬಿಸಿಡಿಯ ಇನ್‌ಫ್ಲೇಟರ್ ಬಟನ್ನೂ ಕೆಲಸ ಮಾಡದು. ಮೇಲ್ಮೈಗೆ ಬಂದಮೇಲೆ ಬಾಯಿಂದ ಊದಬೇಕು, ಆಗದಿದ್ದರೆ ತೂಕದ ಬೆಲ್ಟ್ ಕಳಚಬೇಕು. ಅದನ್ನೂ ಅಭ್ಯಾಸಕ್ಕೆ ಸೇರಿಸಿ.

ಪೋನಿಯ ಗಾಳಿಯನ್ನು ಡೈವ್‌ನ ಲೆಕ್ಕಕ್ಕೆ ಸೇರಿಸಬೇಡಿ. ಮುಖ್ಯ ಸಿಲಿಂಡರಿನಲ್ಲಿ 50 ಬಾರ್ ಇರುವಾಗಲೇ ಮೇಲೆ ಬರುವ ನಿಯಮ ಪೋನಿ ಇದ್ದರೂ ಹಾಗೇ.

ಕೊಳ್ಳುವ ಮೊದಲು ಸಾಗಣೆಯ ಬಗ್ಗೆ ಯೋಚಿಸಿ. ತುಂಬಿದ ಸಿಲಿಂಡರನ್ನು ವಿಮಾನ ಹತ್ತಿಸುವುದಿಲ್ಲ, ಖಾಲಿಯಾದರೂ ವಾಲ್ವ್ ಬಿಚ್ಚಿರಬೇಕೆಂದು ಕೇಳುವ ಸಂಸ್ಥೆಗಳಿವೆ. ವಿದೇಶದಿಂದ ತರುವುದಾದರೆ ಅನಿಲ ಸಿಲಿಂಡರುಗಳ ಆಮದು ಕೇಂದ್ರ ಸರ್ಕಾರದ ಪೆಸೋ (ಪೆಟ್ರೋಲಿಯಂ ಮತ್ತು ಸ್ಫೋಟಕಗಳ ಸುರಕ್ಷತಾ ಸಂಸ್ಥೆ) ಅನುಮತಿಗೆ ಒಳಪಡುತ್ತದೆ. ಸುಲಭದ ದಾರಿಯೆಂದರೆ ಬಾಟಲಿ ಅಲ್ಲೇ ಬಾಡಿಗೆಗೆ ಪಡೆದು, ರೆಗ್ಯುಲೇಟರ್, ಗೇಜ್, ಪಟ್ಟಿ ನಿಮ್ಮವೇ ಒಯ್ಯುವುದು. ಬಾಡಿಗೆ ಬಾಟಲಿಯ ವಾಲ್ವ್ ಯೋಕ್ (ರೆಗ್ಯುಲೇಟರನ್ನು ಹೊರಗಿನಿಂದ ಬಿಗಿಯುವ) ಮಾದರಿಯದೋ ಡಿನ್ (ಒಳಕ್ಕೆ ತಿರುಪುವ) ಮಾದರಿಯದೋ ಎಂದು ಹೊರಡುವ ಮೊದಲೇ ಅಲ್ಲಿನ ಡೈವ್ ಕೇಂದ್ರದವರನ್ನು ಕೇಳಿಕೊಳ್ಳಿ, ಅಡಾಪ್ಟರ್ ಬೇಕಾದರೆ ಇಲ್ಲಿಂದಲೇ ಕೊಂಡೊಯ್ಯಬಹುದು.