ಜಪಾನ್ 1941ರಲ್ಲಿ ಪರ್ಲ್ ಹಾರ್ಬರ್ ಮೇಲೆ ಯಾಕೆ ದಾಳಿ ಮಾಡಿತು?

ಮುಖ್ಯ ಕಾರಣ ಎಣ್ಣೆ. 1937ರಿಂದ ಚೀನಾದಲ್ಲಿ ಯುದ್ಧ ಮಾಡುತ್ತಿದ್ದ ಜಪಾನ್, ತನ್ನ ತೈಲದಲ್ಲಿ ಜಾಸ್ತಿ ಪಾಲನ್ನು ಅಮೆರಿಕದಿಂದಲೇ ಕೊಳ್ಳುತ್ತಿತ್ತು. 1941ರ ಜುಲೈನಲ್ಲಿ ಅದರ ಸೇನೆ ದಕ್ಷಿಣ ಇಂಡೋಚೀನಾಕ್ಕೂ (ಈಗಿನ ವಿಯೆಟ್ನಾಂ ಕಡೆ) ನುಗ್ಗಿತು. ಅಮೆರಿಕ ತೈಲ ನಿಲ್ಲಿಸಿಬಿಟ್ಟಿತು. ಉಳಿದದ್ದು ಎರಡೇ ದಾರಿ: ಚೀನಾ ಬಿಟ್ಟು ಹೊರಡುವುದು, ಇಲ್ಲವೇ ಡಚ್ಚರ ಹಿಡಿತದಲ್ಲಿದ್ದ ಇಂಡೋನೇಷ್ಯಾದ ಎಣ್ಣೆ ಬಾವಿಗಳನ್ನು ಕಿತ್ತುಕೊಳ್ಳುವುದು. ಮೊದಲನೆಯದು ಜಪಾನಿ ಸೇನೆಗೆ ಅವಮಾನ. ಎರಡನೆಯದಕ್ಕೆ ಅಡ್ಡ ಬರಬಹುದಾಗಿದ್ದದ್ದು ಹವಾಯಿಯ ಪರ್ಲ್ ಹಾರ್ಬರ್ ಬಂದರಿನಲ್ಲಿದ್ದ ಅಮೆರಿಕದ ನೌಕಾಪಡೆ. ಕೆಲವು ತಿಂಗಳಾದರೂ ಅದರ ಕೈಕಾಲು ಮುರಿಯಬೇಕಿತ್ತು. ಹಾಗಾಗಿಯೇ ಡಿಸೆಂಬರ್ 7ರ ದಾಳಿ. ಆದರೆ ಅವತ್ತು ಬಂದರಿನಲ್ಲಿ ಒಂದೂ ವಿಮಾನವಾಹಕ ಹಡಗು ಇರಲಿಲ್ಲ! 1942ರ ಜೂನ್‌ನಲ್ಲಿ ಅಂಥ ಹಡಗುಗಳಿಂದ ಎದ್ದ ವಿಮಾನಗಳೇ ಪೆಸಿಫಿಕ್ ಸಾಗರದ ಮಿಡ್‌ವೇ ದ್ವೀಪದ ಬಳಿ ಜಪಾನಿನ ನಾಲ್ಕು ವಿಮಾನವಾಹಕಗಳನ್ನು ಮುಗಿಸಿದವು. ಪೆಸಿಫಿಕ್ ಯುದ್ಧದ ದಿಕ್ಕು ಬದಲಾದದ್ದು ಅಲ್ಲಿ.