ಊಟಕ್ಕೆ ಬಾರೋಲೊ ಒಯ್ಯಬೇಕೆ? ತೊರಿನೊಗೆ ಹೊಸದಾಗಿ ಬಂದವರಿಗೆ ಉತ್ತರ

ಇಟಲಿಯ ತೊರಿನೊಗೆ ಕೆಲಸಕ್ಕೆ ಬಂದು ತಿಂಗಳಾಗಿಲ್ಲ, ಆಫೀಸಿನವರು ಭಾನುವಾರ ಆಲ್ಬಾ ಹತ್ತಿರದ ತಮ್ಮ ಮನೆಗೆ ಊಟಕ್ಕೆ ಕರೆದಿದ್ದಾರೆ, ಆ ಕಡೆಯ ಹೆಸರಾಂತ ಕೆಂಪು ವೈನ್ ಬಾರೋಲೊದ ಒಂದು ಒಳ್ಳೆ ಬಾಟಲಿ ಒಯ್ದರೆ ಹೇಗೆ ಅಂತ ಕೇಳಿದ್ದೀರಿ. ಜೊತೆಗೆ ಅದನ್ನು ಮಾಡುವ ಬಾರ್ತೊಲೊ ಮಸ್ಕರೆಲ್ಲೊ ಮನೆತನದ ಹೆಸರು ಕೇಳಿದ್ದೀರಿ, ಅಲ್ಲಿಗೆ ಹೋಗಬಹುದೇ, ಊರಿಗೆ ಬಾಟಲಿ ತರಬಹುದೇ ಅಂತಲೂ.

ಊಟಕ್ಕೆ ಬಾರೋಲೊ ಬೇಡ. ಆ ಕಡೆಯ ಮನೆಗಳಲ್ಲಿ ಚಿಕ್ಕಪ್ಪನದೋ ಪಕ್ಕದ ಮನೆಯವರದೋ ವೈನ್ ಇದ್ದೇ ಇರುತ್ತದೆ, ಯಾವ ಅಡುಗೆಗೆ ಯಾವುದು ಅಂತ ಮೊದಲೇ ತೆಗೆದಿಟ್ಟಿರುತ್ತಾರೆ. ನೀವು ದುಬಾರಿ ಬಾಟಲಿ ಕೊಟ್ಟರೆ ಅದನ್ನು ಈಗಲೇ ತೆಗೆಯಬೇಕೋ ಬೇಡವೋ ಅನ್ನುವ ಇಕ್ಕಟ್ಟು ಅವರಿಗೆ. ಬೆಳಿಗ್ಗೆ ಬೇಕರಿಯಿಂದ ಅರ್ಧ ಕಿಲೋ ಬಿನ್ಯೋಲೆ, ಅಂದರೆ ಇಲ್ಲಿನ ಪುಟ್ಟ ಕ್ರೀಮ್ ಪಫ್, ಕಟ್ಟಿಸಿಕೊಂಡು ಹೋಗಿ. ಭಾನುವಾರದ ಊಟಕ್ಕೆ ಇಲ್ಲಿನವರು ಒಯ್ಯುವುದೂ ಅದನ್ನೇ. ನೀವು ಸಸ್ಯಾಹಾರಿಯಾದರೆ ಎರಡು ದಿನ ಮೊದಲೇ ಹೇಳಿಬಿಡಿ: ಪ್ಲಿನ್ ಅನ್ನುವ ಪುಟ್ಟ ಕಡುಬಿನೊಳಗೆ ಸಾಮಾನ್ಯವಾಗಿ ಮಾಂಸವಿರುತ್ತದೆ, ತರಕಾರಿ ಅದ್ದಿ ತಿನ್ನುವ ಬಾನ್ಯಾ ಕಾವ್ದಾದಲ್ಲಿ ಮೀನು ಅರೆದಿರುತ್ತಾರೆ. ಬೆಣ್ಣೆ ಹಾಕಿದ ತಾಯರಿನ್ ಶಾವಿಗೆಯಲ್ಲಿ ಮೊಟ್ಟೆ ಮಾತ್ರ.

ಇನ್ನು ಬಾರೋಲೊ. ಇದು ನೆಬ್ಬಿಯೋಲೊ ಎಂಬ ಒಂದೇ ತಳಿಯ ದ್ರಾಕ್ಷಿಯದು, ಬೆರಕೆಗೆ ಅವಕಾಶವಿಲ್ಲ. ಆಲ್ಬಾದ ತೆಂಕಣ ಗುಡ್ಡಗಳ 11 ಊರುಗಳಲ್ಲಿ ಬೆಳೆದದ್ದಕ್ಕೆ ಮಾತ್ರ ಈ ಹೆಸರು. ಕುಯ್ಲಾದ ವರ್ಷದ ನವೆಂಬರ್ 1ರಿಂದ ಕನಿಷ್ಠ 38 ತಿಂಗಳು ಮಾಗಬೇಕು, ಅದರಲ್ಲಿ 18 ತಿಂಗಳು ಮರದ ಪೀಪಾಯಿಯಲ್ಲಿ. ‘ರಿಸೆರ್ವಾ’ ಅಂತಿದ್ದರೆ 62 ತಿಂಗಳು. ಬಣ್ಣ ನೋಡಿ ಮೋಸಹೋಗಬೇಡಿ, ತೆಳು ಕೆಂಪು, ಹಳತಾದರೆ ಇಟ್ಟಿಗೆ ಬಣ್ಣ. ಬಾಯಿಗೆ ಹಾಕಿದರೆ ಎಳೆ ಅಡಿಕೆ ಜಗಿದ ಹಾಗೆ ಒಗರು. ಈ ಒಗರು ಸಿಪ್ಪೆ, ಬೀಜಗಳಿಂದ ಬರುವುದು, ವರ್ಷಗಳು ಕಳೆದಂತೆ ಮೆತ್ತಗಾಗುತ್ತದೆ. ಲಾ ಮೋರ್ರಾ, ಬಾರೋಲೊ ಊರುಗಳದು ಸ್ವಲ್ಪ ಬೇಗ ಕುಡಿಯಲು ಬರುತ್ತದೆ, ಸೆರ್ರಾಲುಂಗಾ, ಮೊನ್‌ಫೋರ್ತೆ ಕಡೆಯದಕ್ಕೆ ತಾಳ್ಮೆ ಬೇಕು.

ನೀವು ಕೇಳಿದ ಮಸ್ಕರೆಲ್ಲೊ ಮನೆ ಇರುವುದು ಬಾರೋಲೊ ಊರೊಳಗೇ. ಶುರುಮಾಡಿದವರು ಜೂಲಿಯೊ, ಆಮೇಲೆ ಮಗ ಬಾರ್ತೊಲೊ, 2005ರಲ್ಲಿ ಅವರು ತೀರಿಕೊಂಡ ಮೇಲೆ ಮಗಳು ಮರಿಯಾ ತೆರೇಸಾ. ಇರುವುದು ಸುಮಾರು 5 ಹೆಕ್ಟೇರ್. ಕನ್ನೂಬಿ, ಸಾನ್ ಲೊರೆಂಜೊ, ರುಎ ಮತ್ತು ಲಾ ಮೋರ್ರಾದ ರೊಕ್ಕೆ, ಈ ನಾಲ್ಕು ತೋಟಗಳ ಹಣ್ಣು ಸೇರಿಸಿ ಒಂದೇ ಬಾರೋಲೊ ಮಾಡುತ್ತಾರೆ. ಈಗ ಹಲವರು ತೋಟಕ್ಕೊಂದು ಬಾಟಲಿ ಮಾಡಿ ಬೆಲೆ ಏರಿಸುವಾಗ ಇವರು ಹಳೇ ಪದ್ಧತಿ ಬಿಟ್ಟಿಲ್ಲ. ಅದಕ್ಕೆ ಲೆಕ್ಕಾಚಾರವೂ ಇದೆ: ಒಂದು ಇಳಿಜಾರಿಗೆ ಆಲಿಕಲ್ಲು ಬಿದ್ದರೆ, ಒಂದು ಕಡೆ ಬಿಸಿಲು ಹೆಚ್ಚಾದರೆ, ಇನ್ನೊಂದು ತೋಟ ಸರಿದೂಗಿಸುತ್ತದೆ. ರಸ ಸಿಮೆಂಟ್ ತೊಟ್ಟಿಯಲ್ಲಿ ವಾರಗಟ್ಟಲೆ ಸಿಪ್ಪೆಯ ಜೊತೆಗೇ ಕೂರುತ್ತದೆ, ಆಮೇಲೆ ಸ್ಲವೋನಿಯಾ ಓಕ್ ಮರದ ದೊಡ್ಡ ಪೀಪಾಯಿಗೆ. 225 ಲೀಟರಿನ ಚಿಕ್ಕ ಫ್ರೆಂಚ್ ಪೀಪಾಯಿ, ಅಂದರೆ ಬರ್ರೀಕ್, ಇಲ್ಲಿ ಇಲ್ಲ. ಅದು ಹೊಸದಾಗಿದ್ದರೆ ವೈನಿಗೆ ವೆನಿಲ್ಲಾ ವಾಸನೆ ಹಿಡಿಯುತ್ತದೆ. ‘ನೋ ಬರ್ರೀಕ್, ನೋ ಬೆರ್ಲುಸ್ಕೋನಿ’ (ಇಟಲಿಯ ಪ್ರಧಾನಿಯಾಗಿದ್ದ ರಾಜಕಾರಣಿ) ಅಂತ ಕೈಯಾರೆ ಚಿತ್ರಿಸಿದ ಬಾರ್ತೊಲೊ ಅವರ ಲೇಬಲ್ ಇಂದಿಗೂ ಹೆಸರುವಾಸಿ.

ಆದರೆ ಅಂಗಡಿಯಲ್ಲಿ ಈ ಬಾಟಲಿಗೆ ನೂರಾರು ಯೂರೋ. ಮೊದಲ ಬಾರೋಲೊ ಆಗಿ ಇದನ್ನು ಕೊಳ್ಳುವುದು ದುಡ್ಡು ದಂಡ. ಇನ್ನೊಂದು ಎಚ್ಚರ: ಜುಸೆಪ್ಪೆ ಮಸ್ಕರೆಲ್ಲೊ ಅಂತ ಬೇರೊಂದು ಮನೆಯಿದೆ, ಮೊನ್‌ಪ್ರಿವಾತೊ ತೋಟದವರು. ಅವರದೂ ಒಳ್ಳೆಯದೇ, ಆದರೆ ಇದು ಅದಲ್ಲ. ಮೊದಲು 15–25 ಯೂರೋಗೆ ‘ಲಾಂಗೆ ನೆಬ್ಬಿಯೋಲೊ’ ತೆಗೆದುಕೊಳ್ಳಿ, ಅದೇ ದ್ರಾಕ್ಷಿ, ಕಡಿಮೆ ಮಾಗಿದ್ದು. ಇಷ್ಟವಾದರೆ 35–60 ಯೂರೋದ ಬಾರೋಲೊ. ಲೇಬಲ್ಲಿನ ಹಿಂದೆ ಸಣ್ಣಕ್ಷರದಲ್ಲಿ ‘ಇಂಬೊತ್ತಿಲ್ಯಾತೊ ಅಲ್ಲೊರೀಜಿನೆ’ ಅಂತಿದ್ದರೆ ಬೆಳೆದವರೇ ಬಾಟಲಿಗೆ ತುಂಬಿದ್ದಾರೆ. ಬರೀ ‘ಇಂಬೊತ್ತಿಲ್ಯಾತೊ ದಾ’ ಅಂತಿದ್ದರೆ ಕೊಂಡು ತಂದು ತುಂಬಿದ್ದೂ ಇರಬಹುದು. ಕುತ್ತಿಗೆಯ ಮೇಲೆ ಸರ್ಕಾರದ ನಂಬರಿರುವ ಪಟ್ಟಿ ಕಡ್ಡಾಯ. ವೈನ್ ತಿಳಿಯಾಗಿಸಲು ಕೆಲವರು ಮೊಟ್ಟೆಯ ಬಿಳಿ ಹಾಕುತ್ತಾರೆ, ಅದರಂಶ ಉಳಿದಿದ್ದರೆ ಲೇಬಲ್ಲಿನಲ್ಲಿ ‘ಉವೋವೊ’ (ಮೊಟ್ಟೆ) ಅಂತ ಬರೆಯಲೇಬೇಕು.

ತೋಟದ ಮನೆಗಳಿಗೆ ಹೇಳದೆ ಹೋಗಬೇಡಿ. ಮನೆಮಂದಿಯೇ ಕೆಲಸ ಮಾಡುವ ಜಾಗ ಅವು. ಒಂದೆರಡು ವಾರ ಮೊದಲೇ ಬರೆದು ಕೇಳಿ, ಎಷ್ಟು ಜನ ಅಂತ ತಿಳಿಸಿ, ಆಗದಿದ್ದರೆ ಬರುವುದಿಲ್ಲ ಅಂತ ಹೇಳಿಬಿಡಿ. ಆಗಸ್ಟ್ ಮಧ್ಯದಲ್ಲಿ ಎಲ್ಲ ರಜೆ, ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ಪೂರ್ತಿ ಕುಯ್ಲು, ಆಗ ನಿಮ್ಮನ್ನು ಕೂರಿಸಿ ಮಾತಾಡಿಸಲು ಯಾರಿಗೂ ಪುರುಸೊತ್ತಿಲ್ಲ. ಮಾರ್ಚ್, ಏಪ್ರಿಲ್ ಚೆನ್ನ. ಸೆಂಟು ಹಾಕಿಕೊಂಡು ಹೋಗಬೇಡಿ, ಗ್ಲಾಸಿನಲ್ಲಿ ಬೇರೇನೂ ವಾಸನೆ ಬರುವುದಿಲ್ಲ. ರುಚಿ ನೋಡಿ ಉಗಿಯಲು ಪಾತ್ರೆ ಇಟ್ಟಿರುತ್ತಾರೆ, ಸಂಕೋಚ ಬೇಡ.

ಉಗಿಯಲೇಬೇಕಾದ ಕಾರಣವೂ ಇದೆ. ಇಟಲಿಯಲ್ಲಿ ಚಾಲಕರಿಗೆ ರಕ್ತದ ಲೀಟರಿಗೆ 0.5 ಗ್ರಾಂ ಮದ್ಯಸಾರದ ಮಿತಿ. ಲೈಸೆನ್ಸ್ ಸಿಕ್ಕ ಮೊದಲ 3 ವರ್ಷ ಅದೂ ಸೊನ್ನೆ. ಭಾರತದ ಲೈಸೆನ್ಸನ್ನು ಇಲ್ಲಿ ಬದಲಾಯಿಸಿ ಕೊಡುವುದಿಲ್ಲ, ನೀವು ಮತ್ತೆ ಪರೀಕ್ಷೆ ಬರೆದು ತೆಗೆದುಕೊಳ್ಳಬೇಕು, ಹಾಗಾಗಿ ಊರಲ್ಲಿ ಇಪ್ಪತ್ತು ವರ್ಷ ಓಡಿಸಿದ್ದರೂ ನೀವಿಲ್ಲಿ ಹೊಸಬರೇ. ತೊರಿನೊದಿಂದ ಬ್ರಾ ಎಂಬ ಊರಿನ ಮೇಲೆ ಆಲ್ಬಾಗೆ ರೈಲಿದೆ, ಅಲ್ಲಿಂದ ಟ್ಯಾಕ್ಸಿ ಮಾತಾಡಿಕೊಳ್ಳಿ.

ಮನೆಯಲ್ಲಿ ತೆಗೆಯುವಾಗ ಹಿಂದಿನ ದಿನವೇ ಬಾಟಲಿ ನೆಟ್ಟಗೆ ನಿಲ್ಲಿಸಿ, ಗಷ್ಟು ತಳಕ್ಕಿಳಿಯಲಿ. ಎಳೆಯ ಬಾರೋಲೊ ಆದರೆ ಒಂದೆರಡು ಗಂಟೆ ಮೊದಲೇ ಅಗಲ ಬಾಯಿಯ ಹೂಜಿಗೆ ಬಗ್ಗಿಸಿಡಿ. ಒದ್ದೆ ರಟ್ಟಿನ ವಾಸನೆ ಬಂದರೆ ಅದು ಕಾರ್ಕಿನ ದೋಷ, ಎಷ್ಟು ಹೊತ್ತು ಗಾಳಿಗಿಟ್ಟರೂ ಹೋಗುವುದಿಲ್ಲ. ಹೆಚ್ಚಿನದನ್ನು ಚೆಲ್ಲದೆ ಅಂಗಡಿಗೇ ವಾಪಸ್ ಒಯ್ಯಿರಿ. ಸಾರು, ಬಿಸಿಬೇಳೆಬಾತಿನ ಜೊತೆ ಮಾತ್ರ ಬಾರೋಲೊ ಬೇಡ, ಖಾರಕ್ಕೆ ಒಗರು ಸೇರಿ ನಾಲಿಗೆ ಕಹಿಯಾಗುತ್ತದೆ. ಅದಕ್ಕೆ ಹುಳಿ ಹೆಚ್ಚು, ಒಗರು ಕಡಿಮೆಯಿರುವ ಬಾರ್ಬೆರಾ ಎಂಬ ಇನ್ನೊಂದು ಕೆಂಪು ವೈನ್ ಹೊಂದುತ್ತದೆ, ಬೆಲೆಯೂ ಅರ್ಧಕ್ಕಿಂತ ಕಡಿಮೆ.

ಊರಿಗೆ ತರುವುದಾದರೆ ಸುಂಕವಿಲ್ಲದೆ ಒಬ್ಬರಿಗೆ 2 ಲೀಟರ್. ಅಂದರೆ 750 ಮಿಲಿಯ ಎರಡು ಬಾಟಲಿ. ಮೂರನೆಯದಕ್ಕೆ ಮಿತಿ ದಾಟುತ್ತದೆ. ಕೈಚೀಲದಲ್ಲಿ ಬಿಡುವುದಿಲ್ಲ, ಬಟ್ಟೆ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಸೂಟ್‌ಕೇಸಿನ ನಡುವೆ ಇಡಿ. ಊರಿನ ಸೆಖೆಯಲ್ಲಿ ಅಟ್ಟದ ಮೇಲಿಟ್ಟರೆ ಒಂದೇ ಬೇಸಿಗೆಗೆ ಕೆಡುತ್ತದೆ, ಫ್ರಿಜ್ಜಿನ ಕೆಳಗಿನ ಖಾನೆಯಲ್ಲಿ ಮಲಗಿಸಿ. ಕುಡಿಯುವ ಸುಮಾರು ಒಂದು ಗಂಟೆ ಮೊದಲು ಹೊರಗೆ ತೆಗೆದರೆ ಸಾಕು, 16–18 ಡಿಗ್ರಿಗೆ ಬಂದಿರುತ್ತದೆ.