ಜಪಾನಿನ ಆರ್‌ಪಿಜಿ (ಪಾತ್ರ ವಹಿಸಿ ಆಡುವ) ಗೇಮ್‌ಗಳಲ್ಲಿ ಕಥೆ, ಫೈಟ್ ಎರಡೂ ಚೆನ್ನಾಗಿರುವುದು ಯಾವುದು?

ಫೈನಲ್ ಫ್ಯಾಂಟಸಿ 10, ಝೆನೋಬ್ಲೇಡ್ ಕ್ರಾನಿಕಲ್ಸ್, ಪರ್ಸೋನಾ 5 ರಾಯಲ್ ಈ ಮೂರರಲ್ಲಿ ಕಥೆಗೆ ಯಾವುದು, ಫೈಟಿಗೆ ಯಾವುದು, ಮೊದಲು ಯಾವುದನ್ನು ಆಡಲಿ ಅಂತ ಕೇಳಿದ್ದೀರಿ. ಮೊದಲು ಫೈನಲ್ ಫ್ಯಾಂಟಸಿ 10 ಆಡಿ. ಇನ್ನು ಕಥೆಗೆ ಇಷ್ಟು, ಫೈಟಿಗೆ ಇಷ್ಟು ಅಂತ ಬೇರೆ ಬೇರೆ ಮಾರ್ಕ್ಸ್ ಕೊಡಲು ನನಗೆ ಮನಸ್ಸಿಲ್ಲ. ಗಂಟೆಗಟ್ಟಲೆ ಹೊತ್ತು ಫೈಟಿನಲ್ಲೇ ಕಳೆಯುವ ಗೇಮ್‌ಗಳಿವು. ಕಥೆ ಹೇಳುತ್ತಿರುವುದನ್ನೇ ಫೈಟಿನ ನಿಯಮವೂ ಹೇಳುತ್ತಿದೆಯೇ ಅನ್ನುವುದು ನನ್ನ ಅಳತೆಗೋಲು.

ಫೈನಲ್ ಫ್ಯಾಂಟಸಿ 4ರಿಂದ 9ರವರೆಗೆ ಫೈಟಿನಲ್ಲಿ ಗಡಿಯಾರ ಓಡುತ್ತಲೇ ಇರುತ್ತಿತ್ತು. 2001ರಲ್ಲಿ ಬಂದ 10ನೆಯದು ಅದನ್ನು ಕಿತ್ತುಹಾಕಿತು. ಮುಂದೆ ಯಾರ ಸರದಿ ಅನ್ನುವ ಪಟ್ಟಿ ಪರದೆಯ ಬಲಗಡೆ ಇರುತ್ತದೆ. ನೀವು ಎಷ್ಟು ಹೊತ್ತು ಯೋಚಿಸಿದರೂ ಶತ್ರು ಕಾಯುತ್ತಾನೆ. ನಿಮ್ಮ ತಂಡದಲ್ಲಿ ಒಬ್ಬೊಬ್ಬರದು ಒಂದೊಂದು ಕೆಲಸ: ಹಾರಾಡುವ ಶತ್ರುವಿಗೆ ವಾಕಾನ ಚೆಂಡು, ಗಟ್ಟಿ ಚಿಪ್ಪಿನದಕ್ಕೆ ಔರಾನ್‌ನ ಕತ್ತಿ, ಜೆಲ್ಲಿಯಂಥದಕ್ಕೆ ಲುಲುವಿನ ಮಂತ್ರ. ಹೊಸಬರು ಮೆಚ್ಚಿದ ಮೂವರನ್ನೇ ಆಡಿಸಿ, ಕೊನೆಗೆ ಉಳಿದವರೆಲ್ಲ ಬಡಕಲಾಗಿ ಒದ್ದಾಡುತ್ತಾರೆ. ಎಲ್1 ಒತ್ತಿ ಆಳು ಬದಲಿಸಿದರೆ ಸರದಿ ಖರ್ಚಾಗುವುದಿಲ್ಲ. ಒಂದೇ ಒಂದು ಸರದಿ ಆಡಿದವರಿಗೂ ಫೈಟಿನ ಪೂರ್ತಿ ಎಪಿ (ಶಕ್ತಿ ಬೆಳೆಸುವ ಅಂಕ) ಸಿಗುತ್ತದೆ. ಆದ್ದರಿಂದ ಎಲ್ಲರನ್ನೂ ಸರದಿಗೊಮ್ಮೆ ಒಳಗೆ ತನ್ನಿ.

ಈ ಗೇಮ್‌ನ ಲೋಕವಾದ ಸ್ಪೀರಾದಲ್ಲಿ ಸತ್ತವರು ಅಷ್ಟು ಸುಲಭಕ್ಕೆ ಜಾಗ ಬಿಡುವುದಿಲ್ಲ. ಈಗ ಫೈಟ್ ನೋಡಿ. ಗಗಜೆಟ್ ಬೆಟ್ಟದ ಮೇಲೆ ಖಳನಾಯಕ ಸೀಮೋರ್ ಈಟಿಯಿಂದ ಇರಿದು ನಿಮ್ಮವರನ್ನು ಝಾಂಬಿ ಮಾಡುತ್ತಾನೆ. ಬೆನ್ನಿಗೇ ಅವನ ಜೊತೆಗಿರುವ ಪ್ರಾಣಿ ಅದೇ ಆಳಿನ ಮೇಲೆ ಜೀವ ಕೊಡುವ ಮಂತ್ರ ಹಾಕುತ್ತದೆ. ಝಾಂಬಿಗೆ ಜೀವ ಕೊಡುವುದೆಂದರೆ ಕೊಲ್ಲುವುದು. ಈಟಿ ತಾಗಿದ ಕೂಡಲೇ ಝಾಂಬಿತನ ಕಳೆಯುವ ಹೋಲಿ ವಾಟರ್ ಹಾಕಬೇಕು. ಸ್ವಲ್ಪ ಮುಂದೆ ಯುನಲೆಸ್ಕಾ ಎಂಬ ಶತ್ರು ಎದುರಾದಾಗ ಅದೇ ಅಭ್ಯಾಸದಲ್ಲಿ ಎಲ್ಲರನ್ನೂ ಗುಣಪಡಿಸಿದಿರೋ, ಕೆಟ್ಟಿರಿ: ಅವಳ ಮೂರನೇ ರೂಪದ ಮೆಗಾ ಡೆತ್ ಝಾಂಬಿಗಳನ್ನು ಬಿಟ್ಟು ಉಳಿದವರನ್ನೆಲ್ಲ ಒಂದೇ ಏಟಿಗೆ ಮಲಗಿಸುತ್ತದೆ. ಒಬ್ಬಿಬ್ಬರನ್ನು ಬೇಕೆಂದೇ ಝಾಂಬಿಯಾಗಿ ಉಳಿಸಿಕೊಳ್ಳಬೇಕು. ಬದುಕಬೇಕಾದರೆ ಅರ್ಧ ಸತ್ತಿರಬೇಕು ಅನ್ನುವುದು ಆ ಲೋಕದ ಕಥೆ. ಅದನ್ನು ಅಲ್ಲಿ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ನಿಮ್ಮ ಕೈಯಲ್ಲೇ ಮಾಡಿಸುತ್ತಾರೆ.

ಝೆನೋಬ್ಲೇಡ್ ಕ್ರಾನಿಕಲ್ಸ್ (2010) ಇದೇ ಕೆಲಸವನ್ನು ಇನ್ನೂ ನೇರವಾಗಿ ಮಾಡುತ್ತದೆ. ನಾಯಕ ಶುಲ್ಕ್‌ಗೆ ಮುಂದಾಗುವುದು ಕಾಣುತ್ತದೆ. ಫೈಟಿನ ನಡುವೆಯೇ ಯಾರಿಗೆ, ಎಷ್ಟು ಸೆಕೆಂಡಿನಲ್ಲಿ, ಎಷ್ಟು ದೊಡ್ಡ ಏಟು ಬೀಳಲಿದೆ ಅಂತ ನಿಮಗೂ ತೋರಿಸುತ್ತದೆ. ಅದನ್ನು ತಪ್ಪಿಸುವುದು ನಿಮ್ಮ ಹೊಣೆ: ಶುಲ್ಕ್‌ನ ಕತ್ತಿ ಮೊನಾಡೊದಿಂದ ಶೀಲ್ಡ್ ಹಾಕಿ, ಇಲ್ಲವೇ ಶತ್ರುವನ್ನು ಬೀಳಿಸಿ. ಬೀಳಿಸಲು ಕ್ರಮವಿದೆ. ಮೊದಲು ಶುಲ್ಕ್‌ನ ಸ್ಟ್ರೀಮ್ ಎಡ್ಜ್‌ನಿಂದ ಬ್ರೇಕ್ (ಶತ್ರುವಿನ ಸಮತೋಲ ಕೆಡಿಸುವುದು), ಆಮೇಲೆ ಜೊತೆಗಾರ ರೇನ್‌ನ ವೈಲ್ಡ್ ಡೌನ್‌ನಿಂದ ಟಾಪಲ್ (ನೆಲಕ್ಕೆ ಕೆಡಹುವುದು). ಬ್ರೇಕ್ ಇಲ್ಲದೆ ಟಾಪಲ್ ಹೊಡೆದರೆ ವ್ಯರ್ಥ. ಇಡೀ ತಂಡದ್ದಾದ ಮೂರು ಭಾಗದ ಶಕ್ತಿಪಟ್ಟಿ, ಅಂದರೆ ಪಾರ್ಟಿ ಗೇಜ್‌ನಲ್ಲಿ ಒಂದು ಭಾಗ ಕೊಟ್ಟು ಜೊತೆಗಾರನನ್ನು ಮೊದಲೇ ಎಚ್ಚರಿಸಬಹುದು. ಬಿದ್ದವರನ್ನು ಎಬ್ಬಿಸಲೂ ಒಂದು ಭಾಗ ಬೇಕು. ಎಲ್ಲರೂ ಒಬ್ಬರ ಹಿಂದೊಬ್ಬರು ಹೊಡೆಯುವ ಚೈನ್ ಅಟ್ಯಾಕ್ ಮೂರನ್ನೂ ನುಂಗುತ್ತದೆ. ಆಸೆಬಿದ್ದು ಅದನ್ನು ಹೊಡೆದ ಮರುಕ್ಷಣ ಒಬ್ಬರು ಬಿದ್ದರೆ ಎಬ್ಬಿಸಲು ಏನೂ ಉಳಿದಿರುವುದಿಲ್ಲ. ಸೋಲುಗಳಲ್ಲಿ ಹೆಚ್ಚಿನವು ಹೀಗೇ ಆಗುವುದು. ಇನ್ನೊಂದು: ಶತ್ರು ಐದಾರು ಲೆವೆಲ್ ಮೇಲಿದ್ದರೆ ನಿಮ್ಮ ಏಟುಗಳು ತಪ್ಪತೊಡಗುತ್ತವೆ. ಅಲ್ಲಿ ಜಾಣತನ ನಡೆಯುವುದಿಲ್ಲ, ಸೈಡ್ ಕ್ವೆಸ್ಟ್ ಮಾಡಿ ಲೆವೆಲ್ ಏರಿಸಿಕೊಂಡು ಬನ್ನಿ.

ಪರ್ಸೋನಾ 5 ರಾಯಲ್ ನೋಡಲು ಅತಿ ಚೆಂದ. ಆದರೆ ಫೈಟ್ ಮಾತ್ರ ಸ್ವಲ್ಪ ಹೊತ್ತಿಗೆ ಬಾಯಿಪಾಠವಾಗುತ್ತದೆ ಅನ್ನುವುದು ನನ್ನ ತಕರಾರು. ಶತ್ರುವಿನ ದುರ್ಬಲ ಅಂಶಕ್ಕೆ ಹೊಡೆದರೆ ಇನ್ನೊಂದು ಸರದಿ, ಎಲ್ಲ ಬಿದ್ದರೆ ಒಟ್ಟಾಗಿ ಮುಗಿಬೀಳುವುದು, ಅಷ್ಟೇ. ಇದರ ಹಿರಿಯಣ್ಣ ಶಿನ್ ಮೆಗಾಮಿ ಟೆನ್ಸೆ 3: ನಾಕ್ಟರ್ನ್ (2003) ಹೆಚ್ಚು ನಿರ್ದಯಿ. ನಾಲ್ವರಿಗೆ ನಾಲ್ಕು ಸರದಿ. ದುರ್ಬಲ ಅಂಶಕ್ಕೆ ಹೊಡೆದರೆ ಅರ್ಧವೇ ಖರ್ಚು, ಏಟು ತಪ್ಪಿದರೆ ಎರಡು ಹೋಯಿತು, ಶತ್ರು ಅದನ್ನು ಹೀರಿಕೊಂಡರೆ ಎಲ್ಲವೂ ಹೋಯಿತು. ಶತ್ರುವಿಗೂ ಇದೇ ಲೆಕ್ಕ. ಮಾತು ಕಡಿಮೆ, ಆದರೆ ಹಾಳುಬಿದ್ದ ಟೋಕಿಯೊದ ಭಯ ಈ ಲೆಕ್ಕದಲ್ಲೇ ಇದೆ. ಎರಡರಲ್ಲೂ ನಾಯಕ ಸತ್ತರೆ, ಉಳಿದವರು ನೆಟ್ಟಗಿದ್ದರೂ ಗೇಮ್ ಓವರ್. ಅವನ ರಕ್ಷಣೆಯನ್ನೇ ಮೊದಲು ನೋಡಿಕೊಳ್ಳಿ.

ಪರ್ಸೋನಾದಲ್ಲಿ ನಿಜವಾದ ಫೈಟ್ ಕ್ಯಾಲೆಂಡರ್ ಜೊತೆ. ಪ್ಯಾಲೇಸ್ (ದುಷ್ಟನ ಮನಸ್ಸಿನೊಳಗಿನ ಕೋಟೆ) ಒಂದನ್ನು ಒಂದೆರಡು ದಿನದಲ್ಲೇ ಮುಗಿಸಿದರೆ ಉಳಿದ ದಿನಗಳು ಗೆಳೆತನಕ್ಕೆ ಸಿಗುತ್ತವೆ. ಅದಕ್ಕೆ ಅಡ್ಡಿ ಮಂತ್ರ ಹಾಕಲು ಬೇಕಾದ ಎಸ್‌ಪಿ ಖಾಲಿಯಾಗುವುದು, ಅದಕ್ಕೆ ಮದ್ದು ಡಾಕ್ಟರ್ ತಕೆಮಿ. ಆಕೆಯ ಜೊತೆ ನಂಟು ಬೆಳೆದರೆ ಸರದಿಗೊಮ್ಮೆ ಎಸ್‌ಪಿ ತುಂಬುವ, ಮೈಗೆ ಅಂಟಿಸಿಕೊಳ್ಳುವ ಪ್ಯಾಚ್ ಅವಳ ಕ್ಲಿನಿಕ್‌ನಲ್ಲೇ ಸಿಗುತ್ತದೆ. ಶಾಲೆಯ ಕೌನ್ಸೆಲರ್ ಮಾರುಕಿಯ ಜೊತೆಗಿನ ಗೆಳೆತನದ ರ್‍ಯಾಂಕ್ ನವೆಂಬರ್ 18ಕ್ಕೆ ಮುಂಚೆ 9 ಮುಟ್ಟಿರಲೇಬೇಕು. ತಪ್ಪಿದರೆ ರಾಯಲ್‌ನಲ್ಲಿ ಹೊಸದಾಗಿ ಸೇರಿಸಿದ ಜನವರಿ ತಿಂಗಳ ಕಥೆ, ಅಂದರೆ ಇಡೀ ಗೇಮ್‌ನಲ್ಲಿ ಬರವಣಿಗೆ ಅತ್ಯಂತ ಗಟ್ಟಿಯಾಗಿರುವ ಭಾಗ, ತೆರೆದುಕೊಳ್ಳುವುದೇ ಇಲ್ಲ. ಗೇಮ್ ಅದನ್ನು ನಿಮಗೆ ಸ್ಪಷ್ಟವಾಗಿ ಹೇಳುವುದೂ ಇಲ್ಲ.